ಕೆನ್ನೆಯೊಳಗಿನ ಖಾಲಿ ಕೋಣೆ

ನನ್ನದು ಬಡಗಿ ಕೆಲಸ. ತುಮಕೂರಿನಲ್ಲಿ ಒಂದು ಸಣ್ಣ ಷೆಡ್ಡು ಇದೆ. ಒಂದು ಗರಗಸದ ಮೆಷಿನ್ನು, ಒಂದು ಪ್ಲೇನರ್, ಇಬ್ಬರು ಹುಡುಗರು. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ, ಯಾವುದು ಬಂದರೆ ಅದು ಮಾಡಿಕೊಡುತ್ತೇವೆ. ಈ ಕಸುಬಿನವರ ಮೂಗು ಯಾವಾಗಲೂ ಅರ್ಧ ಕಟ್ಟಿಕೊಂಡೇ ಇರುತ್ತದೆ. ಸಂಜೆ ಮುಖ ತೊಳೆದು ಮೂಗು ಸ್ವಚ್ಛ ಮಾಡಿಕೊಂಡರೆ ಅವತ್ತು ಯಾವ ಮರ ಕೊಯ್ದಿದ್ದೇವೆ ಅಂತ ಹೇಳಿಬಿಡಬಹುದು. ಹಲಸಾದರೆ ಹಳದಿ. ಬೀಟೆಯಾದರೆ ನೇರಳೆಗೆ ತಿರುಗಿದ ಕಂದು.

ಹಾಗಾಗಿ ಎಡಗಡೆ ಹೊಳ್ಳೆ ಕಟ್ಟಿಕೊಂಡಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 'ಸೈನಸ್ಸು' ಅಂದರು. ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಂಡದ್ದಾಯಿತು. ಕ್ಲಿನಿಕ್ಕಿನ ಡಾಕ್ಟರು ಧೂಳಿನ ಅಲರ್ಜಿ ಅಂತ ಮಾತ್ರೆ ಬರೆದರು, ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಕೊಟ್ಟರು. ಮಾತ್ರೆ ಇರುವಷ್ಟು ದಿನ ಕೊಂಚ ಹಗುರ. ಆಮೇಲೆ ಮತ್ತೆ ಅದೇ ಕಥೆ. ಬಲಗಡೆ ಹೊಳ್ಳೆಯಲ್ಲಿ ಮಾತ್ರ ಉಸಿರು ಸರಾಗ. ಕರ್ಚೀಫಿನಲ್ಲಿ ಆಗಾಗ ಒಂದೆಳೆ ರಕ್ತ. ಅದೂ ಎಡಗಡೆಯದ್ದೇ.

ಆಮೇಲೆ ಎಡಗಡೆ ಮೇಲಿನ ದವಡೆ ಹಲ್ಲು ಅಲ್ಲಾಡೋಕೆ ಶುರುವಾಯಿತು. ಹುಳುಕಿಲ್ಲ, ಜುಮ್ಮೆನ್ನುವುದಿಲ್ಲ, ಸುಮ್ನೆ ಅಲ್ಲಾಡುತ್ತಿತ್ತು. ಹಲ್ಲಿನ ಡಾಕ್ಟರು ವಸಡಿನ ತೊಂದರೆ ಅಂತ ಕಿತ್ತರು. ಕಿತ್ತ ಜಾಗ ವಾರದಲ್ಲಿ ಮುಚ್ಚಿಕೊಳ್ಳಬೇಕು ಅಲ್ವಾ? ಮುಚ್ಚಲಿಲ್ಲ. ಅಲ್ಲಿ ಕೆಂಪು ಮಾಂಸ ಉಬ್ಬಿ ಬಂತು. ನಾಲಿಗೆ ತಾಗಿದರೂ ರಕ್ತ. 'ಇನ್ಫೆಕ್ಷನ್' ಅಂತ ಇನ್ನೊಂದು ಕೋರ್ಸು ಆಂಟಿಬಯೋಟಿಕ್ ಕೊಟ್ಟರು. ಯಾರೂ ಒಂದು ಎಕ್ಸ್‌ರೇ ತೆಗೆಸೋಣ ಅನ್ನಲಿಲ್ಲ. ಈ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಒಂದು ಬೆಳಗ್ಗೆ ಗಡ್ಡ ತೆಗೆಯುವಾಗ ಎಡಕೆನ್ನೆಗೆ ಬ್ಲೇಡು ತಾಗಿ ರಕ್ತ ಹರಿದಿತ್ತು. ಕನ್ನಡಿಯಲ್ಲಿ ಕಂಡಾಗಲೇ ಗೊತ್ತಾಗಿದ್ದು. ಚರ್ಮಕ್ಕೆ ಏನೂ ತಿಳಿದಿರಲಿಲ್ಲ. ಬೆರಳಿಂದ ಒತ್ತಿ ನೋಡಿದೆ. ಕಣ್ಣಿನ ಕೆಳಗಿನಿಂದ ಮೇಲ್ದುಟಿಯವರೆಗೆ ಒಂದು ಪಟ್ಟಿ ಜೋಮು ಹಿಡಿದಂತಿತ್ತು. ಎಡಗಣ್ಣಿನಲ್ಲಿ ಸುಮ್ಮಸುಮ್ನೆ ನೀರು ಬೇರೆ. ನೋವು? ಇಲ್ಲ. ನೋವಿಲ್ಲ ಅಂದಮೇಲೆ ದೊಡ್ಡದೇನಿರಲ್ಲ ಅನ್ನೋದು ನಮ್ಮ ಕಡೆಯ ಲೆಕ್ಕ. ನನಗೆ ಬಂದ ಸೈನಸ್ ಕ್ಯಾನ್ಸರಿನ ವಿಷಯದಲ್ಲಿ ಆ ಲೆಕ್ಕ ಪೂರ್ತಿ ಉಲ್ಟಾ.

ನನ್ನ ಮಗಳು ಬಲವಂತ ಮಾಡಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಿವಿ ಮೂಗು ಗಂಟಲು ವಿಭಾಗದಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನನ್ನ ಪುರಾಣವನ್ನೆಲ್ಲ ಕೇಳಿ, "ಯಜಮಾನ್ರೇ, ಎರಡೂ ಕಡೆ ಕಟ್ಟುತ್ತಾ, ಒಂದೇ ಕಡೆನಾ?" ಅಂದರು. ಒಂದೇ ಕಡೆ ಅಂದೆ. "ಯಾವತ್ತಾದ್ರೂ ಕಡೆ ಬದಲಾಗಿದ್ಯಾ?" ಇಲ್ಲ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಎರಡೂ ಕೆನ್ನೆ ಸವರಿದರು. ಬಲಗಡೆ ಸವರಿದ್ದು ಗೊತ್ತಾಯಿತು. ಎಡಗಡೆ ಸವರಿದರೋ ಇಲ್ಲವೋ ಅಂತಲೇ ತಿಳಿಯಲಿಲ್ಲ. ಬಾಯಿ ತೆಗೆಸಿ ಹಲ್ಲು ಕಿತ್ತ ಜಾಗ ನೋಡಿದರು. ಮೂಗಿಗೆ ಮರಗಟ್ಟುವ ಔಷಧಿ ಹಾಕಿ, ತೆಳ್ಳಗಿನ ದುರ್ಬೀನು ಇಳಿಸಿದರು. ಪಕ್ಕದ ಟಿವಿಯಲ್ಲಿ ನನ್ನದೇ ಮೂಗಿನ ಒಳಗು ಕಾಣುತ್ತಿತ್ತು. ಬಲಗಡೆ ನುಣುಪಾದ ಗುಲಾಬಿ ಗೋಡೆ. ಎಡಗಡೆ ಸ್ವಲ್ಪ ಒಳಗೆ ಹೋಗುವಷ್ಟರಲ್ಲಿ ದಾರಿಯೇ ಇರಲಿಲ್ಲ, ಒರಟು ಮಾಂಸ ಅಡ್ಡ ನಿಂತಿತ್ತು.

ಅಲರ್ಜಿ, ನೆಗಡಿ, ಮಾಮೂಲಿ ಮೂಗಿನ ದುರ್ಮಾಂಸ ಹೆಚ್ಚಾಗಿ ಎರಡೂ ಕಡೆ ಬರುತ್ತವೆ ಅಂತ ಅವರು ಆವತ್ತು ಬಿಡಿಸಿ ಹೇಳಿದರು. ಒಂದೇ ಕಡೆ ಕಟ್ಟೋದು, ಅದೇ ಕಡೆ ರಕ್ತ, ಅದೇ ಕಡೆ ಕೆನ್ನೆ ಜೋಮು, ಅದೇ ಕಡೆ ಹಲ್ಲು ಸಡಿಲ. ಇವು ಒಟ್ಟಿಗೆ ಬಂದರೆ ಒಳಗೆ ನೋಡದೆ ಬಿಡಬಾರದಂತೆ. ಹಾಗಂತ ಒಂದೇ ಕಡೆ ಮೂಗು ಕಟ್ಟಿದವರಿಗೆಲ್ಲ ಕ್ಯಾನ್ಸರ್ ಅಲ್ಲ. ಮೂಗಿನ ನಡುವಿನ ಮೂಳೆ ಸೊಟ್ಟ ಇದ್ದವರಿಗೂ ಹಾಗಾಗುತ್ತದೆ. ಹಲ್ಲಿನ ಕೀವು ಮೇಲೇರಿದರೂ ಆಗುತ್ತದೆ. ಅದನ್ನೂ ಅವರೇ ಹೇಳಿದರು.

ಸಿಟಿ ಸ್ಕ್ಯಾನ್ ಬಂದಮೇಲೆ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೈನಸ್ ಅನ್ನೋದು ಕಾಯಿಲೆಯ ಹೆಸರು ಅಂತಲೇ ನಾನು ತಿಳಿದಿದ್ದೆ. ಅದು ಎಲ್ಲರ ಮುಖದಲ್ಲೂ ಇರುವ ಗಾಳಿ ತುಂಬಿದ ಪೊಳ್ಳು. ಹಣೆಯಲ್ಲಿ ಒಂದು ಜೊತೆ. ಎರಡು ಕಣ್ಣುಗಳ ನಡುವೆ ಸಣ್ಣಸಣ್ಣ ಗೂಡುಗಳು, ಅದಕ್ಕೆ ಎತ್ಮಾಯ್ಡ್ ಅನ್ನುತ್ತಾರೆ. ತಲೆಯೊಳಗೆ ಆಳದಲ್ಲಿ ಸ್ಫೀನಾಯ್ಡ್. ಎಲ್ಲಕ್ಕಿಂತ ದೊಡ್ಡದು ಕೆನ್ನೆಯೊಳಗಿನ ಮ್ಯಾಕ್ಸಿಲರಿ. ದೊಡ್ಡವರಲ್ಲಿ ಅದು ಸುಮಾರು 15 ಎಂಎಲ್ ಹಿಡಿಯುತ್ತದೆ, ಅಂದರೆ ಮೂರು ಟೀ ಚಮಚ. ಸೈನಸ್ ಕ್ಯಾನ್ಸರ್ ಜಾಸ್ತಿ ಕಾಣಿಸಿಕೊಳ್ಳೋದು ಈ ಕೆನ್ನೆಯ ಕೋಣೆಯಲ್ಲಿ. ಅದು ಬಿಟ್ಟರೆ ಎತ್ಮಾಯ್ಡ್‌ನಲ್ಲಿ.

ನಾನು ಮರದ ಡಬ್ಬಿ ಮಾಡುವವನಾದ್ದರಿಂದ ನನಗೆ ಇದು ಬೇಗ ತಲೆಗೆ ಹೋಯಿತು. ಆರು ಹಲಗೆಯ ಡಬ್ಬಿ ಅಂದುಕೊಳ್ಳಿ. ಮೇಲಿನ ಹಲಗೆಯ ಆಚೆ ಕಣ್ಣು. ಕೆಳಗಿನ ಹಲಗೆಯ ಆಚೆ ಬಾಯಿಯ ಅಂಗುಳ, ಮೇಲಿನ ಹಲ್ಲುಗಳು. ಒಳಪಕ್ಕದ್ದರ ಆಚೆ ಮೂಗು. ಮುಂದಿನದರ ಆಚೆ ಕೆನ್ನೆ. ಹಿಂದಿನದರ ಆಚೆ ದವಡೆ ಆಡಿಸುವ ಸ್ನಾಯುಗಳು. ಡಬ್ಬಿಯೊಳಗೆ ಗಾಳಿ ಬಿಟ್ಟರೆ ಏನೂ ಇಲ್ಲವಲ್ಲ, ಗಡ್ಡೆ ಆರಾಮಾಗಿ ಬೆಳೆಯುತ್ತದೆ. ಖಾಲಿ ಜಾಗ ತುಂಬುವವರೆಗೆ ಯಾರಿಗೂ ತಿಳಿಯಲ್ಲ. ಯಾವ ಹಲಗೆಯನ್ನು ಮೊದಲು ತಿನ್ನುತ್ತದೋ ಆ ಕಡೆಯ ತೊಂದರೆ ಮೊದಲು ಕಾಣುತ್ತದೆ. ಕೆಳಗೆ ತಿಂದರೆ ಹಲ್ಲು ಅಲ್ಲಾಡುತ್ತದೆ, ಕಟ್ಟಿಸಿದ ಹಲ್ಲಿನ ಸೆಟ್ ಇದ್ದಕ್ಕಿದ್ದಂತೆ ಕೂರುವುದಿಲ್ಲ. ಒಳಪಕ್ಕ ತಿಂದರೆ ಮೂಗು ಕಟ್ಟುತ್ತದೆ. ಮೇಲೆ ತಿಂದರೆ ಕಣ್ಣು ಉಬ್ಬುತ್ತದೆ, ಒಂದು ಎರಡಾಗಿ ಕಾಣುತ್ತದೆ. ಹಿಂದೆ ತಿಂದರೆ ಬಾಯಿ ತೆಗೆಯೋಕೆ ಆಗಲ್ಲ. ಕೆನ್ನೆಗೆ ಸ್ಪರ್ಶ ಕೊಡುವ ನರ ಕಣ್ಣಿನ ಕೆಳಗಿನ ಮೂಳೆಯಲ್ಲೇ ಹಾದು ಬರುತ್ತದೆ. ನನ್ನ ಕೆನ್ನೆ ಜೋಮಾಗಿದ್ದು ಅದಕ್ಕೇ. ನನ್ನ ಫಿಲ್ಮಿನಲ್ಲಿ ಬಲಗಡೆ ಡಬ್ಬಿ ಕಪ್ಪಗೆ, ಸುತ್ತ ಬಿಳಿ ಗೆರೆ ಸರಿಯಾಗಿ ಕಾಣುತ್ತಿತ್ತು. ಎಡಗಡೆ ಪೂರ್ತಿ ಬೂದು. ಬಿಳಿ ಗೆರೆ ಮೂರು ಕಡೆ ಮಾಯ.

ಬಯಾಪ್ಸಿಗೆ ಕಷ್ಟಪಡಬೇಕಾಗಲಿಲ್ಲ. ಹಲ್ಲು ಕಿತ್ತ ಜಾಗದಲ್ಲೇ ಮಾಂಸ ಹೊರಗೆ ಬಂದಿತ್ತಲ್ಲ, ಅಲ್ಲಿಂದಲೇ ಚೂರು ತೆಗೆದರು. ರಿಪೋರ್ಟಿಗೆ ಕಾದ ದಿನಗಳಲ್ಲಿ ಬೀದಿಯವರೆಲ್ಲ ತಲೆಗೊಂದು ಹೆಸರಿಟ್ಟರು. ಆಗಿನ್ನೂ 2021ರ ಎರಡನೇ ಅಲೆಯ ನೆನಪು ಹಸಿಯಾಗಿತ್ತು. ಕೊರೊನಾ ಬಂದು ಹೋದ ಸಕ್ಕರೆ ಕಾಯಿಲೆಯವರ ಸೈನಸ್ಸಿಗೆ ಬ್ಲ್ಯಾಕ್ ಫಂಗಸ್ ಹತ್ತಿ, ಎಷ್ಟೋ ಜನರ ಮೇಲ್ದವಡೆ, ಕಣ್ಣು ತೆಗೆದಿದ್ದರು. 'ಇದೂ ಅದೇ ಇರಬೇಕು ಆಚಾರ್ರೇ' ಅಂದವರೇ ಜಾಸ್ತಿ. ಲಕ್ಷಣ ನೋಡಿದರೆ ಅವರ ಮಾತು ತೀರಾ ತಪ್ಪೂ ಅಲ್ಲ, ಎರಡೂ ಅದೇ ಜಾಗವನ್ನೇ ತಿನ್ನೋದು. ಆದರೆ ಫಂಗಸ್ಸು ದಿನಗಳ ಲೆಕ್ಕದಲ್ಲಿ ಓಡುತ್ತದೆ. ನನ್ನದು ತಿಂಗಳುಗಟ್ಟಲೆ ನಡೆದುಕೊಂಡು ಬಂದಿತ್ತು.

ರಿಪೋರ್ಟಿನಲ್ಲಿ ಇದ್ದದ್ದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಸೈನಸ್ಸಿನಲ್ಲಿ ಬರುವ ಕ್ಯಾನ್ಸರ್ ಒಂದೇ ಥರದ್ದಲ್ಲ. ಒಳಪದರದಿಂದ ಹುಟ್ಟುವ ಸ್ಕ್ವಾಮಸ್ ಸೆಲ್ಲೇ ಸಾಮಾನ್ಯ. ಗ್ರಂಥಿಗಳಿಂದ ಹುಟ್ಟುವ ಅಡಿನೋಕಾರ್ಸಿನೋಮಾ ಇದೆ. ನರ ಹಿಡಿದುಕೊಂಡೇ ತೆವಳುವ ಅಡಿನಾಯ್ಡ್ ಸಿಸ್ಟಿಕ್ ಅನ್ನೋದು ಇದೆ. ವಾಸನೆ ಹಿಡಿಯುವ ನರದ ಬುಡದಲ್ಲಿ ಹುಟ್ಟುವುದೂ ಒಂದಿದೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಅದಕ್ಕೇ ಬಯಾಪ್ಸಿ ಆಗದೆ ಯಾವ ಡಾಕ್ಟರೂ ಬಾಯಿ ಬಿಡೋದಿಲ್ಲ. ಒಟ್ಟಾರೆ ಇದು ಅಪರೂಪದ ಕಾಯಿಲೆ. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರುಗಳಲ್ಲಿ ನೂರಕ್ಕೆ 3ರಿಂದ 5 ಮಾತ್ರ ಮೂಗು ಮತ್ತು ಸೈನಸ್ಸಿನದ್ದು.

ನಮ್ಮ ಕಡೆ 'ಕಿದ್ವಾಯಿಗೆ ಬರೆದುಕೊಟ್ಟಿದ್ದಾರೆ' ಅಂದರೆ ಮುಂದಿನದು ಕೇಳಬೇಕಿಲ್ಲ. 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರೇ ಹಳ್ಳಿಗಳಲ್ಲಿ ಕಾಯಿಲೆಯ ಹೆಸರಾಗಿಬಿಟ್ಟಿದೆ. ನನ್ನ ಹೆಂಡತಿ ಅತ್ತದ್ದು ರಿಪೋರ್ಟು ನೋಡಿ ಅಲ್ಲ, ರೆಫರಲ್ ಚೀಟಿ ನೋಡಿ.

ಬೆಂಗಳೂರಿಗೆ ಹೋದಮೇಲೆ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಗುಟ್ಕಾ ತಿಂತಿದ್ರಾ?" ನಾನು ಎಲೆ ಅಡಿಕೆಯನ್ನೂ ಹಾಕಿದವನಲ್ಲ. ಬಾಯಿ ಕ್ಯಾನ್ಸರ್ ನಮ್ಮಲ್ಲಿ ಅಷ್ಟು ಇರೋದರಿಂದ ಜನ ಹಾಗೆ ಕೇಳುತ್ತಾರೆ, ಸರಿ. ಆದರೆ ಇಲ್ಲ ಅಂದರೆ ನಂಬದೆ ಹುಬ್ಬು ಏರಿಸುತ್ತಾರಲ್ಲ, ಅದು ರೇಗುತ್ತದೆ. ಕಾಯಿಲೆ ಬಂದವನು ಮೊದಲು ಸಚ್ಚಾರಿತ್ರ್ಯದ ಸರ್ಟಿಫಿಕೇಟು ತೋರಿಸಬೇಕೇನು?

ಸರ್ಜನ್ ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಏನು ಕೆಲಸ ಮಾಡ್ತೀರಿ? ಎಷ್ಟು ವರ್ಷದಿಂದ?" ಹದಿನೈದನೇ ವಯಸ್ಸಿನಿಂದ ಉಳಿ ಹಿಡಿದಿದ್ದೇನೆ ಅಂದೆ. ಬೆನ್ನ ಹಿಂದೆ ನಿಂತಿದ್ದ ಚಿಕ್ಕ ಡಾಕ್ಟರುಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಪಾಠ ಮಾಡಿದರು. ನನಗೆ ಅದು ಆಮೇಲೆ ಮಗಳು ಓದಿ ಹೇಳಿದಾಗ ತಿಳಿಯಿತು. ಇಂಗ್ಲೆಂಡಿನಲ್ಲಿ ಹೈ ವೈಕೂಂಬ್ ಅಂತ ಒಂದು ಊರು. ಕುರ್ಚಿ ಮಾಡುವವರ ಊರು. ಅಲ್ಲಿ ಎಸ್ಮಿ ಹ್ಯಾಡ್‌ಫೀಲ್ಡ್ ಅನ್ನುವ ಮೂಗಿನ ಡಾಕ್ಟರಮ್ಮ, ತಮ್ಮ ಹತ್ತಿರ ಬರುವ ಮೂಗಿನ ಕ್ಯಾನ್ಸರ್ ರೋಗಿಗಳಲ್ಲಿ ಪೀಠೋಪಕರಣ ಕೆಲಸದವರೇ ಅತಿ ಹೆಚ್ಚು ಅಂತ ಗಮನಿಸಿದರು. ಡೊನಾಲ್ಡ್ ಅಚೆಸನ್ ಮತ್ತಿತರರ ಜೊತೆ ಸೇರಿ 1968ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ ಬೂಟು ಹೊಲಿಯುವವರಲ್ಲೂ, ಚರ್ಮದ ಧೂಳಿನಿಂದ, ಅದೇ ಕಂಡಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿತು. ತಂಬಾಕು ಇರುವ ಗುಂಪೇ ಅದು. ಬ್ರಿಟನ್ನಿನಲ್ಲಿ ಬಡಗಿಗಳ ಮೂಗಿನ ಕ್ಯಾನ್ಸರ್ ಕಸುಬಿನ ಕಾಯಿಲೆ ಅಂತ ಲೆಕ್ಕ, ಅದಕ್ಕೆ ಪರಿಹಾರವೂ ಇದೆ.

ಇಲ್ಲಿ ಒಂದು ಮಾತು ಸರಿಯಾಗಿ ಹೇಳಬೇಕು. ಮರದ ಧೂಳಿಗೂ ಕ್ಯಾನ್ಸರಿಗೂ ಅತಿ ಗಟ್ಟಿಯಾದ ನಂಟು ಸಿಕ್ಕಿರೋದು ಎತ್ಮಾಯ್ಡ್ ಕಡೆಯ ಅಡಿನೋಕಾರ್ಸಿನೋಮಾ ಜೊತೆ, ಅದರಲ್ಲೂ ಗಟ್ಟಿ ಮರಗಳ ಧೂಳಿನಿಂದ. ನನ್ನದು ಕೆನ್ನೆಯ ಸ್ಕ್ವಾಮಸ್ ಸೆಲ್. 'ನಿಮ್ಮದು ಧೂಳಿಂದಲೇ ಬಂತು ಅಂತ ನಾನು ಬರೆದುಕೊಡೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ' ಅಂದರು ಸರ್ಜನ್. ಆ ಮಾತು ನನಗೆ ಹಿಡಿಸಿತು. ಧೂಳು ಒಳಗೆ ಹೋದದ್ದಕ್ಕೂ ಕಾಯಿಲೆ ಕಾಣೋದಕ್ಕೂ ನಡುವೆ ದಶಕಗಳೇ ಕಳೆಯುತ್ತವೆ. ಅಷ್ಟು ವರ್ಷದಲ್ಲಿ ನಾನು ಕೊಯ್ದ ಬೀಟೆ ಎಷ್ಟು, ತೇಗ ಎಷ್ಟು, ಹೊನ್ನೆ ಎಷ್ಟು ಅಂತ ಯಾರು ಲೆಕ್ಕ ಇಟ್ಟಿದ್ದಾರೆ?

ಎಂಆರ್‌ಐ ಕೂಡ ಮಾಡಿಸಿದರು. ಸಿಟಿ ಆಗಿದೆಯಲ್ಲ, ಮತ್ತೆ ಇದ್ಯಾಕೆ ಅಂತ ನನ್ನ ಭಾವಮೈದ ಗೊಣಗಿದ. ಸಿಟಿಯಲ್ಲಿ ಮೂಳೆ ಎಲ್ಲಿ ಹೋಗಿದೆ ಅಂತ ಕಾಣುತ್ತದೆ. ಆದರೆ ದಾರಿ ಕಟ್ಟಿದ ಸೈನಸ್ಸಿನಲ್ಲಿ ಸಿಂಬಳವೂ ತುಂಬಿಕೊಂಡಿರುತ್ತದೆ. ಯಾವುದು ಗಡ್ಡೆ, ಯಾವುದು ನಿಂತ ನೀರು ಅಂತ ಬೇರೆ ಮಾಡಿ ತೋರಿಸೋದು ಎಂಆರ್‌ಐ. ಗಡ್ಡೆ ಕಣ್ಣಿನ ಸುತ್ತಲ ಪೊರೆ ದಾಟಿದೆಯೋ, ಮಿದುಳಿನ ಕಡೆಗೆ ಹೋಗಿದೆಯೋ ಅಂತಲೂ ಅದರಲ್ಲೇ ತಿಳಿಯುತ್ತದೆ. ಸರ್ಜನ್ ತಮ್ಮ ಪೆನ್ನಿನ ಹಿಂಬದಿಯಿಂದ ನನ್ನ ಮುಖದ ಮೇಲೆ ಒಂದು ಗೆರೆ ಎಳೆದು ತೋರಿಸಿದರು. ಕಣ್ಣಿನ ಒಳಮೂಲೆಯಿಂದ ಕೆಳದವಡೆಯ ಮೂಲೆಗೆ. ಓನ್‌ಗ್ರೆನ್ ಅನ್ನುವ ಸ್ವೀಡನ್ನಿನ ಡಾಕ್ಟರು 1930ರ ದಶಕದಲ್ಲಿ ಹೇಳಿದ ಗೆರೆ ಅದು. ಗೆರೆಯ ಕೆಳಗೆ, ಮುಂದೆ ಇರುವ ಗಡ್ಡೆಗೆ ಫಲ ಚೆನ್ನಾಗಿರುತ್ತದೆ. ಮೇಲೆ, ಹಿಂದೆ ಇದ್ದರೆ ಕಷ್ಟ. ನನ್ನದು ಹೆಚ್ಚಿನ ಭಾಗ ಗೆರೆಯ ಕೆಳಗಿತ್ತು, ಸ್ವಲ್ಪ ಮೇಲಕ್ಕೂ ಚಾಚಿ ಕಣ್ಣಿನ ಕೆಳಗಿನ ಮೂಳೆಯನ್ನು ತಿಂದಿತ್ತು. ಪೊರೆ ದಾಟಿರಲಿಲ್ಲ. ಟಿ 3 ಅಂದರು, ಅಂದರೆ ಗಡ್ಡೆ ಎಷ್ಟು ಹಬ್ಬಿದೆ ಅನ್ನುವ ನಾಲ್ಕು ಹಂತಗಳಲ್ಲಿ ಮೂರನೆಯದು. ಕತ್ತಿನ ಗಂಟುಗಳಿಗೆ ಕಾಯಿಲೆ ಹೋಗಿರಲಿಲ್ಲ. "ಕಣ್ಣು ಉಳಿಸ್ತೀವಿ" ಅಂದರು. ಅಲ್ಲಿಯವರೆಗೆ ಕಣ್ಣಿಗೂ ಅಪಾಯ ಇತ್ತು ಅಂತ ನನಗೆ ಹೊಳೆದೇ ಇರಲಿಲ್ಲ.

ಖರ್ಚಿನ ಮಾತು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜು ದರದ ನೂರಕ್ಕೆ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಜಿಲ್ಲಾ ಆಸ್ಪತ್ರೆಯ ರೆಫರಲ್ ಚೀಟಿ ಕೈಲಿದ್ದದ್ದು ಒಳ್ಳೆಯದಾಯಿತು. ಆಧಾರ್, ರೇಷನ್ ಕಾರ್ಡು, ರೆಫರಲ್, ಬಯಾಪ್ಸಿ ರಿಪೋರ್ಟು, ಎಲ್ಲದರ ಐದೈದು ಜೆರಾಕ್ಸ್ ಮಾಡಿಸಿ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ಹೋಗಿ. ಓಡಾಟ, ರೂಮು, ಊಟ, ನಿಂತುಹೋದ ಕೂಲಿ, ಇವಕ್ಕೆಲ್ಲ ಯಾವ ಕಾರ್ಡೂ ಇಲ್ಲ.

ಆಪರೇಷನ್ನಿಗೆ ಮುಂಚೆ ಹಲ್ಲಿನ ವಿಭಾಗಕ್ಕೆ ಕಳಿಸಿದರು. ಎರಡು ಕೆಲಸಕ್ಕೆ. ಒಂದು, ಆಮೇಲೆ ರೇಡಿಯೇಷನ್ ಕೊಟ್ಟಮೇಲೆ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆಯಾಗುತ್ತದೆ. ಆಗ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ಹಾಳಾದ ಹಲ್ಲು ಇದ್ದರೆ ಮೊದಲೇ ತೆಗೆಯಬೇಕು. ಇನ್ನೊಂದು, ನನ್ನ ಅಂಗುಳದ ಅಚ್ಚು. ಗಡ್ಡೆ ತೆಗೆದಮೇಲೆ ಬಾಯಿಗೂ ಮೂಗಿಗೂ ನಡುವೆ ದೊಡ್ಡ ತೂತಾಗುತ್ತದೆ. ಅದನ್ನು ಮುಚ್ಚೋಕೆ ಎರಡು ದಾರಿ. ಕಾಲಿನ ಮೂಳೆ, ಮಾಂಸ ತಂದು ಹೊಲಿಯೋದು. ಇಲ್ಲವಾದರೆ ಅಕ್ರಿಲಿಕ್ ಪ್ಲೇಟು ಹಾಕೋದು, ಅದಕ್ಕೆ ಆಬ್ಚುರೇಟರ್ ಅನ್ನುತ್ತಾರೆ. ಪ್ಲೇಟಾದರೆ ತೆಗೆದು ಒಳಗೆ ಬ್ಯಾಟರಿ ಬಿಟ್ಟು ನೋಡಬಹುದು, ಗಡ್ಡೆ ಮತ್ತೆ ಬಂದರೆ ಬೇಗ ಕಾಣುತ್ತದೆ. ನನ್ನ ಉಳಿದ ಹಲ್ಲುಗಳು ಗಟ್ಟಿಯಾಗಿದ್ದವು, ಪ್ಲೇಟಿನ ಕೊಂಡಿಗೆ ಆಸರೆ ಸಿಗುತ್ತಿತ್ತು. ಪ್ಲೇಟೇ ಆಗಲಿ ಅಂತಾಯಿತು.

ಆಪರೇಷನ್ ಬಗ್ಗೆ ನಾನು ಹೇಳೋದು ಕಡಿಮೆ. ನಾನು ನಿದ್ದೆಯಲ್ಲಿದ್ದೆ. ಕಣ್ಣಿನ ಕೆಳಗಿನಿಂದ ಮೂಗಿನ ಪಕ್ಕ ಇಳಿದು, ಮೇಲ್ದುಟಿಯನ್ನು ಸೀಳಿ ಕೆನ್ನೆ ತೆರೆದು, ಎಡಗಡೆ ಮೇಲ್ದವಡೆ ಪೂರ್ತಿ ತೆಗೆದರು. ಒಳಗಿನ ಹಸಿ ಗೋಡೆಗೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಔಷಧಿಯ ಗಾಜ್ ಬಟ್ಟೆ ತುರುಕಿ, ಅದು ಬೀಳದಂತೆ ಮೊದಲೇ ಮಾಡಿಟ್ಟ ಪ್ಲೇಟನ್ನು ಕಟ್ಟಿದರು. ಎದ್ದಾಗ ಮೂಗಿನಲ್ಲಿ ಊಟದ ನಳಿಕೆ, ಎಡಗಣ್ಣು ಊದಿ ಮುಚ್ಚಿತ್ತು. ಮುಖದ ನೋವಿಗಿಂತ ತೊಡೆಯ ಉರಿ ಜಾಸ್ತಿ ಇತ್ತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ನಿಜವಾದ ಕಥೆ ಶುರುವಾದದ್ದು ಗಾಜ್ ಬಟ್ಟೆ ತೆಗೆದ ದಿನ. ಮೊಳಗಟ್ಟಲೆ ಬಂತು. ವಾಸನೆ ಬೇಡ. ಪ್ಲೇಟು ಪಕ್ಕದ ಟ್ರೇನಲ್ಲಿತ್ತು. ಡಾಕ್ಟರು ಕನ್ನಡಿ ಕೊಟ್ಟು, "ನೋಡ್ಕೊಳ್ಳಿ, ನೀವೇ ದಿನಾ ತೊಳೀಬೇಕು" ಅಂದರು. ಬಾಯಿ ತೆಗೆದೆ. ಅಂಗುಳದ ಎಡಭಾಗವೇ ಇಲ್ಲ. ಅಲ್ಲಿಂದ ಮೇಲಕ್ಕೆ ಮೂಗಿನ ನಡುವಿನ ಗೋಡೆ, ಕಣ್ಣಿನ ತಳದವರೆಗೂ ಕಾಣುತ್ತಿತ್ತು. ಒಂದು ಗುಟುಕು ನೀರು ಕುಡಿದು ನೋಡಿದೆ. ಪೂರ್ತಿ ಮೂಗಿನಿಂದ ಇಳಿದು ಅಂಗಿ ನೆನೆಯಿತು. ಮಾತಾಡೋಕೆ ಹೋದರೆ ಗಾಳಿಯೆಲ್ಲ ಮೂಗಿಗೆ. ಬ ಅಂದರೆ ಮ ಆಗುತ್ತಿತ್ತು, ಡ ಅಂದರೆ ಣ. ಹೆಂಡತಿ ಹಾಲು ಬೇಕಾ ಅಂತ ಕೇಳಿದಳು. ಬೇಡ ಅಂದೆ. "ಮೇಣ ಯಾಕ್ರೀ ಈಗ?" ಅಂದಳು. ಆ ಸ್ಥಿತಿಯಲ್ಲೂ ಪಕ್ಕದ ಮಂಚದವರು ನಕ್ಕರು. ನಾನೂ ನಕ್ಕೆ, ನಗು ಕೂಡ ಮೂಗಿನಿಂದಲೇ ಬಂತು.

ಪ್ಲೇಟು ಕೂರಿಸಿದ ತಕ್ಷಣ ಬ ಮತ್ತೆ ಬ ಆಯಿತು. ಇದು ಮಾಯವಲ್ಲ ಅಂತ ಕೈಕೆಲಸದವನಿಗೆ ಗೊತ್ತು. ಆದರೂ ಮೈ ಜುಂ ಅಂದಿತು.

ಗಾಯ ಒಣಗುತ್ತಾ ತೂತಿನ ಆಕಾರ ಬದಲಾಗುತ್ತದೆ. ಅದಕ್ಕೆ ಪ್ಲೇಟನ್ನು ಮೂರು ಹಂತದಲ್ಲಿ ಮಾಡುತ್ತಾರೆ. ಆಪರೇಷನ್ ಟೇಬಲ್ಲಿನ ಮೇಲೆ ಹಾಕುವುದು ಒಂದು, ಗಾಯ ಮಾಯುವವರೆಗೆ ಒಂದು, ರೇಡಿಯೇಷನ್ನೆಲ್ಲ ಮುಗಿದು ಕೆಲವು ತಿಂಗಳ ಮೇಲೆ ಖಾಯಂ ಒಂದು. ಆ ಖಾಯಂ ಪ್ಲೇಟಿಗೆ ಸರ್ಕಾರಿ ಡೆಂಟಲ್ ಕಾಲೇಜಿಗೆ ಅಲೆದೆ. ಕಾಯುವ ಕೋಣೆಯಲ್ಲಿ ನನ್ನಂಥವರು ಒಂದಿಬ್ಬರು. ಉಳಿದವರೆಲ್ಲ ಬ್ಲ್ಯಾಕ್ ಫಂಗಸ್ಸಿನಿಂದ ಉಳಿದವರು. ಕಾಯಿಲೆ ಬೇರೆ, ತೂತು ಒಂದೇ. ರಾಯಚೂರಿನ ಒಬ್ಬರು ಮೇಷ್ಟ್ರು ಮುದ್ದೆ ಹೇಗೆ ತಿನ್ನಬೇಕು ಅಂತ ನನಗೇ ಹೇಳಿಕೊಟ್ಟರು, ಮುದ್ದೆ ತಿನ್ನುವ ಊರಿನವನಿಗೆ! ನುಂಗುವ ಊಟವಾದ್ದರಿಂದ ಮುದ್ದೆ ನಮಗೆ ವರ ಅನ್ನೋದು ಅವರ ಲೆಕ್ಕ. ಸಣ್ಣ ತುತ್ತು, ತೆಳ್ಳಗಿನ ಸಾರು, ಬಲಗಡೆಯಿಂದ. ಅವರ ಮಾತು ನಿಜ. ಮಂಡಕ್ಕಿ, ಅವಲಕ್ಕಿ ಮಾತ್ರ ಬೇಡವೇ ಬೇಡ. ಒಂದು ಕಾಳು ಪ್ಲೇಟಿನ ಅಂಚಿನಿಂದ ಮೇಲೇರಿದರೆ ಸಂಜೆವರೆಗೂ ಅಲ್ಲೇ ಕೂತಿರುತ್ತದೆ.

ಅಚ್ಚು ತೆಗೆಯೋದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಅಚ್ಚಿನ ಹಿಟ್ಟು ಒಳಗೆ ಸಿಕ್ಕಿಕೊಳ್ಳದಂತೆ ಮೊದಲು ಆಳದಲ್ಲಿ ದಾರ ಕಟ್ಟಿದ ಗಾಜ್ ಇಡುತ್ತಾರೆ. ದಾರದ ತುದಿ ಬಾಯಿಯ ಹೊರಗೆ. ಮೇಣದಲ್ಲಿ ಒಮ್ಮೆ ಮಾಡಿ, ಕೂರಿಸಿ, ಕೆರೆದು, ಮತ್ತೆ ಕೂರಿಸಿ, ಆಮೇಲೆ ಅಕ್ರಿಲಿಕ್. ಮೂಗಿನ ಕಡೆ ಹೋಗುವ ಉಬ್ಬನ್ನು ಒಳಗೆ ಪೊಳ್ಳು ಮಾಡುತ್ತಾರೆ, ಗಟ್ಟಿ ಮಾಡಿದರೆ ಭಾರಕ್ಕೆ ಜಾರುತ್ತದೆ. ಪಿಜಿ ಓದುವ ಹುಡುಗಿಯೊಬ್ಬಳು ಅಂಚನ್ನು ಎಳೆಎಳೆಯಾಗಿ ಕೆರೆಯುತ್ತಿದ್ದಳು. "ಅಮ್ಮಾ, ಅಲ್ಲಿ ಇನ್ನೊಂದು ಕೂದಲೆಳೆ ತೆಗೆದ್ರೆ ಕೂರುತ್ತೆ" ಅಂದೆ. ತೆಗೆದಳು, ಕೂತಿತು. ಮಾಸ್ಟರ್ ಪೀಸ್ ಕೆಲಸ.

ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟ್ ಕೊಡೋದು ಅನ್ನುತ್ತಾರೆ. ಈ ಕಾಯಿಲೆಗೆ ಆಪರೇಷನ್ ಆದಮೇಲೆ ಸಾಮಾನ್ಯವಾಗಿ 60ರಿಂದ 66 ಗ್ರೇ, ಗ್ರೇ ಅನ್ನೋದು ಕಿರಣದ ಅಳತೆ. ಅದನ್ನು 30ರಿಂದ 33 ಸಲವಾಗಿ ಹಂಚಿ, ವಾರಕ್ಕೆ ಐದು ದಿನ ಕೊಡುತ್ತಾರೆ. ಕೆಲವರಿಗೆ ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಕೀಮೋ. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಕಾಣದೆ ಇದ್ದದ್ದರಿಂದ ನನಗೆ ಅದು ಬೇಕಾಗಲಿಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿದ ಬಲೆಯಂಥ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು ಮುಖವಾಡ ಮಾಡುತ್ತಾರೆ. ದಿನಾ ಅದನ್ನು ಹಾಕಿ ಟೇಬಲ್ಲಿಗೆ ಕ್ಲಿಪ್ಪು ಬಿಗಿದರೆ ತಲೆ ಒಂದಿಂಚೂ ಅಲ್ಲಾಡದು. ಕಣ್ಣು, ಮಿದುಳು ಪಕ್ಕದಲ್ಲೇ ಇರೋದರಿಂದ ಆ ಬಿಗಿ ಬೇಕೇ ಬೇಕು. ಕಿರಣ ಬಿದ್ದರೆ ಏನೂ ಅನಿಸುವುದಿಲ್ಲ. ಎರಡನೇ ವಾರ ಕಳೆದಮೇಲೆ ಗೊತ್ತಾಗುತ್ತದೆ. ಬಾಯಿ ತುಂಬ ಹುಣ್ಣು, ಎಂಜಲು ಗೋಂದು, ಉಪ್ಪಿಗೂ ಬೆಲ್ಲಕ್ಕೂ ವ್ಯತ್ಯಾಸ ಇಲ್ಲ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಗಂಟೆಗೊಮ್ಮೆ ಬಾಯಿ ಮುಕ್ಕಳಿಸೋದು, ಸೂಜಿ ಇಲ್ಲದ ಸಿರಿಂಜಿನಿಂದ ತೂತಿನೊಳಗೆ ಅದೇ ನೀರು ಚಿಮ್ಮಿಸಿ ತೊಳೆಯೋದು. ರಾಗಿ ಗಂಜಿ, ಮೊಟ್ಟೆ, ಹಾಲು ಕುಡಿದು ತೂಕ ಕಾಪಾಡಿಕೊಂಡೆ ಅನ್ನೋದಕ್ಕಿಂತ ಹೆಂಡತಿ ಕಾಪಾಡಿದಳು ಅನ್ನಬೇಕು.

ಬಾಯಿ ಬಿಗಿದುಕೊಳ್ಳುವ ವಿಷಯವನ್ನು ಯಾರೂ ಹಗುರವಾಗಿ ತಗೋಬೇಡಿ. ಆಪರೇಷನ್ ಮತ್ತು ಕರೆಂಟ್ ಎರಡೂ ಸೇರಿ ದವಡೆಯ ಸ್ನಾಯು ಬಿರುಸಾಗುತ್ತದೆ. ಬಾಯಿ ತೆರೆಯದಿದ್ದರೆ ಪ್ಲೇಟು ಹಾಕೋದು ಹೇಗೆ, ತೆಗೆಯೋದು ಹೇಗೆ? ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನಕ್ಕೆ ಹಲವು ಸಲ, ಒಂದೊಂದು ಕಡ್ಡಿ ಹೆಚ್ಚಿಸುತ್ತಾ ಹೋಗಬೇಕು. ನಾನು ಹುಷಾರಿ ತೋರಿಸೋಣ ಅಂತ ಹೊನ್ನೆ ಮರದಲ್ಲಿ ಅಳತೆಯ ಗೆರೆ ಕೊರೆದು, ನುಣ್ಣಗೆ ಉಜ್ಜಿ ಒಂದು ಬೆಣೆ ಮಾಡಿಕೊಂಡು ಹೋದೆ. ಫಿಸಿಯೋಥೆರಪಿಯವರು ಕೈಯಲ್ಲಿ ತಿರುಗಿಸಿ ನೋಡಿ, ಚೆನ್ನಾಗಿದೆ ಅಂತ ಹೊಗಳಿ, ಮರ ಎಂಜಲು ಹೀರುತ್ತೆ, ಕಡ್ಡಿಯಾದರೆ ಎಸೆಯಬಹುದು, ಕಡ್ಡಿಯೇ ಇರಲಿ ಅಂದರು. ಬೆಣೆ ಈಗ ಷೆಡ್ಡಿನ ಬಾಗಿಲಿಗೆ ಆಸರೆ.

ಈಗ ಷೆಡ್ಡಿನಲ್ಲಿ ಗರಗಸದ ಬಾಯಿಗೆ ಧೂಳೆಳೆಯುವ ಮೆಷಿನ್ನು ಕೂರಿಸಿದ್ದೇನೆ. ಉಪ್ಪು ಕಾಗದದ ಕೆಲಸ ಹೊರಗೆ, ಗಾಳಿಗೆ ಬೆನ್ನು ಹಾಕಿ. ಕೊಯ್ಯುವಾಗ ಎದ್ದು ಕಾಣುವ ದಪ್ಪ ಹೊಟ್ಟಿಗಿಂತ ಉಜ್ಜುವಾಗ ಏಳುವ ನುಣುಪು ಪುಡಿ ಕೆಟ್ಟದ್ದು, ಅದು ಗಾಳಿಯಲ್ಲಿ ತೇಲುತ್ತಾ ಸೀದಾ ಮೂಗಿಗೆ ಹೋಗುತ್ತದೆ. ಹುಡುಗರು ಎನ್ 95 ಹಾಕುತ್ತಾರೆ, ನಾನು ನೋಡುತ್ತಿದ್ದರೆ. ತಿರುಗಿದರೆ ಗದ್ದಕ್ಕೆ ಇಳಿಸುತ್ತಾರೆ.

ಚೆಕಪ್ಪು ಮೊದಲ ವರ್ಷ ಪದೇಪದೇ ಇತ್ತು, ಈಗ ಅಂತರ ಜಾಸ್ತಿಯಾಗಿದೆ. ಈ ಕ್ಯಾನ್ಸರ್ ಮರಳುವುದಾದರೆ ಹೆಚ್ಚಾಗಿ ಅದೇ ಜಾಗದಲ್ಲಿ, ಮೊದಲ ಎರಡು ಮೂರು ವರ್ಷಗಳೊಳಗೆ. ಹಾಗಾಗಿ ಪ್ಲೇಟು ತೆಗೆಸಿ, ದುರ್ಬೀನು ಬಿಟ್ಟು, ಮೂಲೆಮೂಲೆ ನೋಡುತ್ತಾರೆ. ಕಿರಣ ತಾಗಿದ ಕಣ್ಣಿಗೆ ಪೊರೆ ಬರಬಹುದು ಅಂತ ಕಣ್ಣಿನವರ ಹತ್ತಿರವೂ ಕಳಿಸುತ್ತಾರೆ. ಕೆನ್ನೆಯ ಜೋಮು ಹೋಗಿಲ್ಲ, ಹೋಗುವುದೂ ಇಲ್ಲವಂತೆ, ಆ ನರ ಗಡ್ಡೆಯ ಜೊತೆಗೇ ಹೋಯಿತು. ಗಡ್ಡವನ್ನು ಈಗ ಮಗ ಟ್ರಿಮ್ಮರಿನಲ್ಲಿ ತೆಗೆಯುತ್ತಾನೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಪ್ಲೇಟಿನ ಒಂದು ಕೊಂಡಿ ಬಿಗಿ ಮಾಡಿಸಬೇಕು. ಮಾಮೂಲಿ ಮಾತಿಗೆ ಏನೂ ಆಗುವುದಿಲ್ಲ. ಗಿರಾಕಿ ಜೊತೆ ರೇಟಿನ ವಿಷಯಕ್ಕೆ ದನಿ ಏರಿಸಿದರೆ ಕಳಚಿಕೊಳ್ಳುತ್ತಿದೆ.